ಗೇಣಗಲದ ಕಿಂಡಿ

ಜೇಬಿಗೆ ಹಿಡಿಸುವ ಕಾಂಪ್ಯಾಕ್ಟ್ ಕ್ಯಾಮೆರಾಗೂ ಲೆನ್ಸ್ ಬದಲಿಸುವ ಎಸ್‌ಎಲ್‌ಆರ್‌ಗೂ ನಡುವಿನ ಜಾತಿಯೊಂದಿದೆ. ಅದರ ಹೆಸರು ಬ್ರಿಡ್ಜ್ ಕ್ಯಾಮೆರಾ. ಹಿಡಿಕೆ ದಪ್ಪ, ಮೂತಿ ಉದ್ದ, ಆದರೆ ಲೆನ್ಸ್ ಬಿಚ್ಚಲು ಬರುವುದಿಲ್ಲ. ಅಂಗಳದ ರಂಗೋಲಿಯಿಂದ ಚಂದ್ರನ ಕುಳಿಯವರೆಗೆ ಎಲ್ಲವನ್ನೂ ಆ ಒಂದೇ ಲೆನ್ಸ್ ನೋಡಿಕೊಳ್ಳಬೇಕು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದ ಪ್ರಕಾರ 2010ರಲ್ಲಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಹೋಗಿದ್ದವು. 2023ರಲ್ಲಿ 80 ಲಕ್ಷವೂ ದಾಟಲಿಲ್ಲ. ನಡುವೆ ಬಂದದ್ದು ಮೊಬೈಲು. ಸಣ್ಣ ಕ್ಯಾಮೆರಾಗಳನ್ನೆಲ್ಲ ಅದು ನುಂಗಿತು. ಉದ್ದ ಜೂಮಿನವು ಮಾತ್ರ ಇನ್ನೂ ಅದರ ಗಂಟಲಲ್ಲಿ ಸಿಕ್ಕಿಕೊಂಡಿವೆ.

ಇಂಥದ್ದನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಎರಡು ಮಾತು ಹೇಳುತ್ತಾರೆ: ಜೂಮ್ ಉದ್ದ ಇರಬೇಕು, ಬಳಸಲು ಸುಲಭ ಇರಬೇಕು. ಇವೆರಡೂ ಒಂದೇ ನೊಗಕ್ಕೆ ಬಗ್ಗುವ ಎತ್ತುಗಳೇ ಎಂಬುದೇ ಪ್ರಶ್ನೆ. ಇಲ್ಲಿ ಮಾತಾಡುವವರು ಇಬ್ಬರು. ಒಬ್ಬರು ಮಂಡ್ಯ ಸೀಮೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಈಚೆಗೆ ಹಕ್ಕಿ ನೋಡುವ ಹುಚ್ಚು ಹತ್ತಿದೆ. ಇನ್ನೊಬ್ಬ ಅವರದೇ ಶಿಷ್ಯ, ಪೇಟೆ ಬೀದಿಯಲ್ಲಿ ಸ್ಟುಡಿಯೊ ಇಟ್ಟುಕೊಂಡು ಮದುವೆ, ನಾಮಕರಣಗಳ ಫೋಟೊ ತೆಗೆಯುವವನು.

ಮೇಷ್ಟ್ರು: ನಿಕಾನ್ ಪಿ1000 ತರಿಸಿಕೊಡಯ್ಯ. 125 ಎಕ್ಸ್ ಜೂಮು. ಅದಕ್ಕಿಂತ ಮುಂದಕ್ಕೆ ಹೋಗೋ ಬ್ರಿಡ್ಜ್ ಕ್ಯಾಮೆರಾ ಇಲ್ಲವಂತೆ.

ಶಿಷ್ಯ: ಅದು ನಿಜ ಸಾರ್. 2018ರಲ್ಲಿ ಬಂತು. 2025ರಲ್ಲಿ ಅದೇ ಲೆನ್ಸ್ ಇಟ್ಟು, ಚಾರ್ಜಿಂಗ್ ಪಿನ್ ಬದಲಾಯಿಸಿ ಪಿ1100 ಅಂತ ಬಿಟ್ಟರು. ಆದರೆ ಮೊದಲು ಒಂದು ಹೇಳಿ, ಮೊಬೈಲಿನಲ್ಲಿ ಏನು ಆಗಲಿಲ್ಲ ನಿಮಗೆ?

ಮೇಷ್ಟ್ರು: ಕೆರೆ ಏರಿ ಮೇಲೆ ನಿಂತು ಕೋಡಿ ಹತ್ತಿರ ಕೂತಿದ್ದ ಮಿಂಚುಳ್ಳಿ ತೆಗೆದೆ. ಇಲ್ಲಿ ನೋಡು. ಇಂಕು ಚೆಲ್ಲಿದ ಹಾಗಿದೆ.

ಶಿಷ್ಯ: ಬೆರಳಲ್ಲಿ ಎಳೆದು ದೊಡ್ಡದು ಮಾಡಿದ್ದೀರಿ. ಅದು ಡಿಜಿಟಲ್ ಜೂಮು ಸಾರ್, ಪೇಪರಿನಲ್ಲಿ ಬಂದ ಫೋಟೊಗೆ ಭೂತಗನ್ನಡಿ ಹಿಡಿದ ಹಾಗೆ. ಚುಕ್ಕಿ ದೊಡ್ಡದಾಗುತ್ತೆ ಹೊರತು ಹೊಸದೇನೂ ಕಾಣಲ್ಲ. ಗಾಜೇ ಹಿಂದೆ ಮುಂದೆ ಸರಿದು ದೊಡ್ಡದು ಮಾಡಿದರೆ ಅದು ಆಪ್ಟಿಕಲ್. ದುಬಾರಿ ಮೊಬೈಲಿನ ಮೇಲೂ 100 ಎಕ್ಸ್ ಅಂತ ಬರೆದಿರ್ತಾರೆ, ಅದರಲ್ಲಿ ಗಾಜಿನ ದುಡಿಮೆ ಐದು ಎಕ್ಸೋ ಹತ್ತು ಎಕ್ಸೋ ಇರುತ್ತೆ. ಮಿಕ್ಕಿದ್ದು ಸಾಫ್ಟ್‌ವೇರಿನ ಊಹೆ. 2023ರಲ್ಲಿ ಒಬ್ಬ ಚಂದ್ರನ ಮಸುಕು ಚಿತ್ರವನ್ನ ಕಂಪ್ಯೂಟರ್ ಪರದೆ ಮೇಲೆ ಹಾಕಿ, ಅಂಥ ಒಂದು ಮೊಬೈಲಿನಲ್ಲಿ ಫೋಟೊ ತೆಗೆದ. ಪರದೆಯಲ್ಲಿ ಇಲ್ಲದ ಕುಳಿಗಳು ಫೋಟೊದಲ್ಲಿ ಬಂದಿದ್ದವು.

ಮೇಷ್ಟ್ರು: ಅಂದರೆ ಪಕ್ಕದವನದು ನೋಡಿ ಬರೆದ ಉತ್ತರ ಪತ್ರಿಕೆ. ನನಗೆ ಅದು ಬೇಡ. ಅದಕ್ಕೇ ಹೇಳಿದ್ದು, ಗಾಜಿನಲ್ಲೇ 125 ಇರೋದು ಕೊಡು ಅಂತ.

ಎಕ್ಸ್ ಎಂಬ ಈ ಗುಣಕವೇ ಅಂಗಡಿಯಲ್ಲಿ ಹೆಚ್ಚು ಜನರನ್ನು ದಾರಿ ತಪ್ಪಿಸುವುದು. ಅದು ದೂರದ ಅಳತೆಯಲ್ಲ, ಬರೀ ಅನುಪಾತ. ಲೆನ್ಸಿನ ಅತಿ ಉದ್ದದ ಫೋಕಲ್ ಲೆಂಗ್ತನ್ನು ಅತಿ ಗಿಡ್ಡದರಿಂದ ಭಾಗಿಸಿದರೆ ಬರುವ ಸಂಖ್ಯೆ. ಪ್ಯಾನಾಸೋನಿಕ್ ಎಫ್‌ಜಡ್82 ಕ್ಯಾಮೆರಾದ ಲೆನ್ಸ್ 20ರಿಂದ 1200 ಮಿಲಿಮೀಟರ್, ಆದ್ದರಿಂದ 60 ಎಕ್ಸ್. ಸೋನಿ ಎಚ್‌ಎಕ್ಸ್400ವಿ ಕ್ಯಾಮೆರಾದ್ದು 24ರಿಂದ 1200, ಆದ್ದರಿಂದ 50 ಎಕ್ಸ್. ಎರಡೂ ಮುಟ್ಟುವುದು ಒಂದೇ ಕಡೆಗೆ. ಹತ್ತು ಎಕ್ಸ್ ಹೆಚ್ಚು ಎಂದು ಕೊಂಡವರಿಗೆ ಸಿಕ್ಕಿದ್ದು ಹತ್ತಿರದ ಕಡೆಯಲ್ಲಿ ಅಗಲ ನೋಟವೇ ಹೊರತು ದೂರದ ಹಕ್ಕಿಯಲ್ಲ. ಡಬ್ಬಿಯ ಮೇಲೆ ನೋಡಬೇಕಾದ್ದು ಎರಡನೆಯ ಮಿಲಿಮೀಟರ್ ಸಂಖ್ಯೆ. ಅದೂ 35 ಎಂಎಂ ಫಿಲ್ಮಿಗೆ ಹೋಲಿಸಿ ಹೇಳಿದ ‘ಸಮಾನ’ ಅಳತೆ. 2015ರಲ್ಲಿ ಬಂದ ನಿಕಾನ್ ಪಿ900 ಕ್ಯಾಮೆರಾಗೆ 2000 ಮಿಲಿಮೀಟರ್ ಎನ್ನುತ್ತಾರೆ. ಅದರ ಗಾಜಿನ ನಿಜವಾದ ಫೋಕಲ್ ಲೆಂಗ್ತ್ 357. ಒಳಗಿನ ಸೆನ್ಸರ್ ಕಿರುಬೆರಳ ಉಗುರಿನಷ್ಟೇ ಇರುವುದರಿಂದ ಆ 357 ಅಷ್ಟು ದೂರ ನೋಡಿದಂತೆ ಆಗುತ್ತದೆ.

ಶಿಷ್ಯ: ಈಗ ಒಂದು ಲೆಕ್ಕ ನೀವೇ ಮಾಡಿ ಸಾರ್. ಮಿಂಚುಳ್ಳಿ 20 ಮೀಟರ್ ದೂರ ಇದೆ ಅಂತ ಇಟ್ಟುಕೊಳ್ಳಿ. 3000 ಮಿಲಿಮೀಟರಿಗೆ ಜೂಮ್ ಮಾಡಿದರೆ ಫ್ರೇಮಿನ ಅಗಲ ಎಷ್ಟು?

ಮೇಷ್ಟ್ರು: ಸಮರೂಪ ತ್ರಿಭುಜ. ಒಂಬತ್ತನೇ ಕ್ಲಾಸಿನಲ್ಲಿ ನಿನಗೆ ಇದೇ ಬರ್ತಿರಲಿಲ್ಲ. (ಬಿಲ್ಲಿನ ಹಿಂಬದಿಯಲ್ಲಿ ಗೀಚಿ) 23 ಸೆಂಟಿಮೀಟರ್.

ಶಿಷ್ಯ: ಒಂದು ಗೇಣು. ಗೇಣಗಲದ ಕಿಂಡಿಯಿಂದ ಕೆರೆ ಹುಡುಕಬೇಕು. ಹಕ್ಕಿ ಪಕ್ಕದ ಕಡ್ಡಿಗೆ ಹಾರಿದರೆ ಮುಗೀತು, ಪರದೆ ತುಂಬ ಬರೀ ಎಲೆ. ಆಮೇಲೆ ಹಿಂದೆ ಬನ್ನಿ, ಹುಡುಕಿ, ಮತ್ತೆ ಮುಂದೆ ಹೋಗಿ. ಅಷ್ಟರಲ್ಲಿ ಅದು ಮೀನು ನುಂಗಿ ಹೊರಟು ಹೋಗಿರುತ್ತೆ.

ಮೇಷ್ಟ್ರು: ಬೇರೆಯವುಗಳ ಕಿಂಡಿ ಎಷ್ಟು?

ಶಿಷ್ಯ: ಅದೇ ದೂರಕ್ಕೆ ಪಿ900 ಒಂದೂವರೆ ಗೇಣು. ಕ್ಯಾನನ್ ಎಸ್‌ಎಕ್ಸ್70, ಅದು 1365 ಮಿಲಿಮೀಟರ್, ಒಂದು ಮೊಳದ ಮೇಲೆ ಎರಡು ಬೆರಳು. 600ರಲ್ಲಿ ನಿಲ್ಲುವ ಸೋನಿ ಆರ್‌ಎಕ್ಸ್10 ಮಾರ್ಕ್ 4 ಎರಡೂವರೆ ಮೊಳ.

ಮೇಷ್ಟ್ರು: ಕಿರು ಮಿಂಚುಳ್ಳಿ ಇರೋದೇ ಸುಮಾರು 17 ಸೆಂಟಿಮೀಟರ್. ಎರಡೂವರೆ ಮೊಳದ ಕಿಂಡಿಯಲ್ಲಿ ಅದು ಕಣಜದೊಳಗಿನ ಇಲಿ ಆಗುತ್ತೆ. ಗೇಣು ಕಿಂಡಿಯಲ್ಲಿ ಅದರ ಕೊಕ್ಕಿನ ತುದಿ ಕಾಣುತ್ತೆ. ಹುಡುಕೋದು ಕಷ್ಟ ಅಂದೆ, ಒಪ್ಪಿದೆ. ಕಷ್ಟ ಅನ್ನೋದು ಅಭ್ಯಾಸದಿಂದ ಹೋಗೋ ವಸ್ತು. ಇಲ್ಲದ ಜೂಮು ಅಭ್ಯಾಸದಿಂದ ಬರುತ್ತಾ?

ಶಿಷ್ಯ: ಬರಲ್ಲ. ಆದರೆ ಅಭ್ಯಾಸ ಮಾಡಬೇಕು ಅಂದಮೇಲೆ ಅದು ಸುಲಭದ ಕ್ಯಾಮೆರಾ ಹೇಗಾಯ್ತು?

ತಯಾರಕರು ಈ ತೊಡಕನ್ನು ಬಲ್ಲರು. ಅದಕ್ಕೇ ನಿಕಾನ್, ಕ್ಯಾನನ್ ಎರಡರ ಉದ್ದ ಜೂಮಿನ ಕ್ಯಾಮೆರಾಗಳಲ್ಲೂ ಲೆನ್ಸಿನ ಪಕ್ಕಕ್ಕೆ, ಎಡಗೈ ಹೆಬ್ಬೆರಳಿಗೆ ಸಿಗುವಂತೆ ಒಂದು ಗುಂಡಿ ಇಟ್ಟಿರುತ್ತಾರೆ. ಒತ್ತಿ ಹಿಡಿದರೆ ಜೂಮ್ ತಾನಾಗಿ ಹಿಂದಕ್ಕೆ ಬಂದು ಅಗಲ ನೋಟ ಕೊಡುತ್ತದೆ. ಕಳೆದುಹೋದ ಹಕ್ಕಿಯನ್ನು ನಡುವಿಗೆ ತಂದು ಬಿಟ್ಟರೆ ಮೊದಲಿದ್ದ ಜಾಗಕ್ಕೇ ಮರಳುತ್ತದೆ. ಅಂಗಡಿಯಲ್ಲಿ ಮೆಗಾಪಿಕ್ಸೆಲ್ ಎಷ್ಟು ಎಂದು ಕೇಳುವವರು ನೂರು ಮಂದಿ, ಈ ಗುಂಡಿ ಎಲ್ಲಿ ಎಂದು ಕೇಳುವವರು ಅಪರೂಪ. ದಿನಬಳಕೆಯಲ್ಲಿ ಇದರಷ್ಟು ಉಪಕಾರ ಮಾಡುವ ಭಾಗ ಇನ್ನೊಂದಿಲ್ಲ.

ಕೈನಡುಕ ಇನ್ನೊಂದು ತೊಂದರೆ. ಜೂಮ್ ಹೆಚ್ಚಿದಷ್ಟೂ ಅದೂ ಹೆಚ್ಚುತ್ತದೆ. ಹಳೆಯ ಅಂದಾಜಿನಂತೆ 2000 ಮಿಲಿಮೀಟರಿಗೆ ಶಟರ್ ವೇಗ ಸೆಕೆಂಡಿನ 2000ದ ಒಂದು ಭಾಗವಾದರೂ ಇರಬೇಕು. ಲೆನ್ಸಿನೊಳಗಿನ ನಡುಕ ತಡೆಯುವ ವ್ಯವಸ್ಥೆ ಅದನ್ನು ಐದು ಮೆಟ್ಟಿಲು ಇಳಿಸುತ್ತದೆ ಎಂದರೆ ಸುಮಾರು 60ರ ಒಂದು ಭಾಗ ಸಾಕಾಗುತ್ತದೆ. ಕೂತ ಕೊಕ್ಕರೆಗೆ ಇದು ವರದಾನ. ಆದರೆ ಆ ವ್ಯವಸ್ಥೆ ತಡೆಯುವುದು ಹಿಡಿದವರ ಕೈಯನ್ನು, ಹಕ್ಕಿಯ ರೆಕ್ಕೆಯನ್ನಲ್ಲ.

ಮೇಷ್ಟ್ರು: ನನ್ನ ಕೈ ನಡುಗುತ್ತೆ ಅಂತ ಸುತ್ತಿ ಬಳಸಿ ಹೇಳ್ತಿದ್ದೀಯಾ?

ಶಿಷ್ಯ: ಎಲ್ಲರ ಕೈಯೂ ನಡುಗುತ್ತೆ ಸಾರ್, ನನ್ನದೂ. ಅದಕ್ಕೇ ವ್ಯೂಫೈಂಡರ್ ಇರೋದನ್ನೇ ತಗೊಳ್ಳಿ ಅನ್ನೋದು. ಹಿಂದಿನ ಪರದೆ ನೋಡಿಕೊಂಡು ಕೈ ಚಾಚಿ ಹಿಡಿದರೆ ತಟ್ಟೆ ಹಿಡಿದು ನಿಂತ ಹಾಗಾಗುತ್ತೆ. ಕಣ್ಣಿಗೆ ಒತ್ತಿಕೊಂಡರೆ ಎರಡು ಕೈ, ಒಂದು ಹಣೆ, ಮೂರು ಆಧಾರ. ಬಿಸಿಲಲ್ಲಿ ಪರದೆ ಕಾಣೋದೂ ಇಲ್ಲ. ಇನ್ನು ತೂಕ. ಪಿ1000 ಒಂದು ಕೆಜಿ 415 ಗ್ರಾಂ. ಪಿ900 ಸುಮಾರು 900 ಗ್ರಾಂ. ಎಸ್‌ಎಕ್ಸ್70 ಬರೀ 610. ಅರ್ಧ ಗಂಟೆ ಕತ್ತಿಗೆ ನೇತು ಹಾಕಿಕೊಂಡು ಆಮೇಲೆ ಹೇಳಿ.

ಮೇಷ್ಟ್ರು: ಹಗುರ ಯಾಕಿದೆ ಅಂತ ಕೇಳಬೇಕಲ್ಲ. ಗಾಜು ಕಡಿಮೆ ಹಾಕಿದ್ದಾರೆ. ನಿನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ. ಫೋಕಲ್ ಲೆಂಗ್ತನ್ನ ಎಫ್ ನಂಬರಿನಿಂದ ಭಾಗಿಸಿದರೆ ಬೆಳಕು ಒಳಗೆ ಬರೋ ಬಾಗಿಲಿನ ವ್ಯಾಸ ಬರುತ್ತೆ, ಅಲ್ವಾ? ನಿನ್ನ ಎಸ್‌ಎಕ್ಸ್70: 247ನ್ನ 6.5ರಿಂದ ಭಾಗಿಸು, 38 ಮಿಲಿಮೀಟರ್. ಪಿ900: 357ನ್ನ 6.5ರಿಂದ, 55. ಪಿ1000: 539ನ್ನ 8ರಿಂದ, 67. ದೂರದ ಹಕ್ಕಿಯ ಬೆಳಕು ಹೆಚ್ಚು ಬರೋದು ಯಾವುದಕ್ಕೆ?

ಶಿಷ್ಯ: ಪಿ1000ಕ್ಕೇ. ಆದರೆ ಸೆನ್ಸರ್ ಸಣ್ಣದು ಸಾರ್. ಈ ಮೂರರದ್ದೂ ಸುಮಾರು 6 ಮಿಲಿಮೀಟರ್ ಅಗಲ, ನಾಲ್ಕೂವರೆ ಎತ್ತರ. ಆರ್‌ಎಕ್ಸ್10ರದ್ದು 13.2ಕ್ಕೆ 8.8. ನಾಲ್ಕು ಪಟ್ಟು ವಿಸ್ತೀರ್ಣ. ಸಂಜೆ ಆಯ್ತು ಅಂದರೆ ಸಣ್ಣ ಸೆನ್ಸರಿನ ಫೋಟೊದಲ್ಲಿ ರವೆ ಎರಚಿದ ಹಾಗೆ ನಾಯ್ಸ್ ಬರುತ್ತೆ.

ಮೇಷ್ಟ್ರು: ಅದನ್ನೂ ಹಾಕಿದೆ. ಆರ್‌ಎಕ್ಸ್10ರ ಗಾಜು 220, ಎಫ್ 4. ಭಾಗಿಸು.

ಶಿಷ್ಯ: 55.

ಮೇಷ್ಟ್ರು: ಪಿ900ದ್ದೂ 55. ಬಾಗಿಲು ಒಂದೇ ಅಗಲ. ಒಂದೇ ಕೊಂಬೆ ಮೇಲೆ ಕೂತ ಒಂದೇ ಹಕ್ಕಿಯಿಂದ, ಒಂದೇ ಹೊತ್ತಿನಲ್ಲಿ ಎರಡಕ್ಕೂ ಬರೋ ಬೆಳಕು ಒಂದೇ. ನಿನ್ನ ಲಕ್ಷ ರೂಪಾಯಿ ಮೇಲಿನ ಕ್ಯಾಮೆರಾದಲ್ಲಿ ಹಕ್ಕಿ ಸಣ್ಣದಾಗಿ ಬೀಳುತ್ತೆ, ಅದನ್ನ ಕತ್ತರಿಸಿ ದೊಡ್ಡದು ಮಾಡಬೇಕು. 20 ಮೆಗಾಪಿಕ್ಸೆಲ್‌ನಲ್ಲಿ ಹಾಗೆ ಕತ್ತರಿಸಿದರೆ ಎರಡು ಮೆಗಾಪಿಕ್ಸೆಲ್ ಕೂಡ ಉಳಿಯಲ್ಲ.

ಇದು ಗಣಿತದಲ್ಲಿ ಸರಿಯಾದ ಮಾತು, ಸ್ಟುಡಿಯೊದವರು ಸುಲಭಕ್ಕೆ ಒಪ್ಪದ ಮಾತೂ ಹೌದು. ‘ದೊಡ್ಡ ಸೆನ್ಸರ್ ಯಾವಾಗಲೂ ಮೇಲು’ ಎಂಬ ನಂಬಿಕೆ ತೀರ ದೂರದ, ಸಣ್ಣ ವಸ್ತುವಿನ ಮಟ್ಟಿಗೆ ಪೂರ್ತಿ ನಿಲ್ಲುವುದಿಲ್ಲ. ಅಲ್ಲಿ ಮುಖ್ಯವಾಗುವುದು ಬೆಳಕಿನ ಬಾಗಿಲು. ವಸ್ತು ಹತ್ತಿರವಿದ್ದು ಫ್ರೇಮು ತುಂಬಿದಾಗ ಆಟ ಬದಲಾಗುತ್ತದೆ. ಮೊಮ್ಮಗುವಿನ ಮುಖ, ದೇವಸ್ಥಾನದ ಒಳಾಂಗಣ, ಮುಸ್ಸಂಜೆಯ ಕೆರೆ, ಇಂಥಲ್ಲಿ ದೊಡ್ಡ ಸೆನ್ಸರಿನ ಚಿತ್ರ ಎದ್ದು ಕಾಣುವಷ್ಟು ನುಣುಪು. ಉದ್ದ ಜೂಮಿಗೆ ಇನ್ನೊಂದು ಮಿತಿಯೂ ಇದೆ: ಸಣ್ಣ ಸೆನ್ಸರಿನ ಮೇಲೆ ಎಫ್ 8ರಷ್ಟು ಕಿರಿದಾದ ಬೆಳಕು ಬಿದ್ದಾಗ ವಿವರ್ತನೆಯಿಂದ ಗೆರೆಗಳು ಮೆತ್ತಗಾಗುತ್ತವೆ. ಹಾಗಾಗಿ 2000ದಿಂದ 3000ಕ್ಕೆ ಹೋದಾಗ ಹಕ್ಕಿ ಒಂದೂವರೆ ಪಟ್ಟು ದೊಡ್ಡದಾಗುತ್ತದೆ, ವಿವರ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ.

ಶಿಷ್ಯ: ಲೆಕ್ಕದಲ್ಲಿ ನಿಮ್ಮನ್ನ ಗೆಲ್ಲೋಕೆ ಆಗಲ್ಲ. ಆದರೆ ಗಾಳಿಯ ಲೆಕ್ಕ ಹಾಕಿದಿರಾ? ಮಧ್ಯಾಹ್ನ ಟಾರು ರಸ್ತೆ ಮೇಲೆ ಗಾಳಿ ನೀರಿನ ಹಾಗೆ ಕುದಿಯುತ್ತಲ್ಲ, ದೂರದ ಹಕ್ಕಿಗೂ ನಿಮಗೂ ನಡುವೆ ಅದೇ ಇರುತ್ತೆ. ಎಂಥ ಗಾಜು ಹಾಕಿದರೂ ಹಕ್ಕಿ ನೀರೊಳಗೆ ಅಲುಗಾಡಿದ ಹಾಗೇ ಬರೋದು.

ಮೇಷ್ಟ್ರು: ಬೆಳಿಗ್ಗೆ ಆರೂವರೆಗೆ ಹೋಗ್ತೀನಿ.

ಶಿಷ್ಯ: ಹೋಗೋದು ಎಲ್ಲಿಗೆ? ಅದು ಗೊತ್ತಾಗದೆ ಕ್ಯಾಮೆರಾ ಹೇಳೋಕಾಗಲ್ಲ ಸಾರ್. ಕೊಕ್ಕರೆ ಬೆಳ್ಳೂರಿಗೆ ಹೋದರೆ ಹೆಜ್ಜಾರ್ಲೆ ಗೂಡು ಊರೊಳಗಿನ ಹುಣಸೆ ಮರದ ಮೇಲೇ ಇರುತ್ತೆ, ಕೆಳಗೆ ಮನೆ ಅಂಗಳ. ಅಲ್ಲಿ 3000 ಹಾಕಿದರೆ ಕಣ್ಣು ಮಾತ್ರ ಬರುತ್ತೆ, ಹಕ್ಕಿ ಬರಲ್ಲ. ರಂಗನತಿಟ್ಟಿನಲ್ಲಿ ದೋಣಿ ತೀರ ಹತ್ತಿರಕ್ಕೆ ಹೋಗುತ್ತೆ, 400 ಇದ್ದರೆ ಬಂಡೆ ಮೇಲಿನ ಮೊಸಳೆ ಹಲ್ಲು ಎಣಿಸಬಹುದು. ಅದೂ ಅಲುಗಾಡೋ ದೋಣಿಯಲ್ಲಿ ಗೇಣು ಕಿಂಡಿ ಹಿಡಿದುಕೊಂಡು ಕೂತರೆ ವಾಂತಿ ಬರುತ್ತೆ.

ಮೇಷ್ಟ್ರು: ದರೋಜಿ?

ಶಿಷ್ಯ: (ನಕ್ಕು) ದರೋಜಿ ನಿಮ್ಮ ಕಡೆಗೆ ಸಾರ್. ಗೋಪುರ ಒಂದು ಕಡೆ, ಕರಡಿ ಬರೋ ಬಂಡೆ ಆಚೆ ಕಡೆ. ಅಲ್ಲಿ ಉದ್ದ ಜೂಮು ಬೇಕೇ ಬೇಕು. ಆದರೆ ನೋಡಿ, ಬಂಡೆಗೆ ಬೆಲ್ಲದ ಪಾಕ ಬಳಿದು ಬರ್ತಾರೆ, ಕರಡಿ ಇಳಿಯೋದು ಬಿಸಿಲು ತಗ್ಗಿದ ಮೇಲೆ. ಬಂಡೆ ಇನ್ನೂ ಕಾದಿರುತ್ತೆ, ಬೆಳಕು ಇಳೀತಿರುತ್ತೆ, ಕರಡಿ ಕಪ್ಪು. ಉದ್ದ ಜೂಮಿಗೆ ಬೇಡವಾದ್ದು ಎಲ್ಲಾ ಒಂದೇ ಕಡೆ ಸೇರಿರುತ್ತೆ.

ಮೇಷ್ಟ್ರು: ಬೇಲೂರು?

ಶಿಷ್ಯ: ಹೊರಗೋಡೆ ಮೇಲೆ ಸೂರಿನ ಕೆಳಗೆ 38 ಮದನಿಕೆಯರು ಇದ್ದಾರಲ್ಲ, ಬರಿಗಣ್ಣಿಗೆ ಬಳೆ ಕಾಣಲ್ಲ. 300 ಹಾಕಿದರೆ ಬಳೆ, ಕೂದಲ ಗಂಟು, ಕಾಲ ಬಳಿ ನಿಂತ ಸಖಿ ಎಲ್ಲಾ ಸಿಗುತ್ತೆ. ಅಲ್ಲಿ ಮುಖ್ಯ ಜೂಮಲ್ಲ, ನೆರಳು. ಸೂರಿನ ಕೆಳಗೆ ಕತ್ತಲೆ, ಹಿಂದೆ ಬಿಳಿ ಆಕಾಶ. ಆಟೊ ಮೋಡಿನಲ್ಲಿ ಬಿಟ್ಟರೆ ಕ್ಯಾಮೆರಾ ಆಕಾಶ ನೋಡಿ ಮೋಸ ಹೋಗುತ್ತೆ, ಮದನಿಕೆ ಮಸಿ ಆಗ್ತಾಳೆ. ಬೆಳಕು ಏರಿಸೋ ಪ್ಲಸ್-ಮೈನಸ್ ಗುಂಡಿ ಒಂದನ್ನ ಕಲಿತುಬಿಡಿ, ಪ್ಲಸ್ ಒಂದಕ್ಕೆ ಇಡಿ.

ಮೇಷ್ಟ್ರು: ಆಟೊ ಇದ್ದರೆ ಏನೂ ಕಲಿಯಬೇಕಾಗಿಲ್ಲ ಅಂತಾರಲ್ಲ.

ಶಿಷ್ಯ: ಮನೆ ಫೋಟೊಗೆ ಸರಿ. ಹಕ್ಕಿಗೆ ಅಂತಲೇ ಪಿ950, ಪಿ1000ರ ಡಯಲ್ ಮೇಲೆ ಹಕ್ಕಿ ಚಿಹ್ನೆ ಇದೆ, ಚಂದ್ರನ ಚಿಹ್ನೆಯೂ ಇದೆ. ಅದಕ್ಕೆ ತಿರುಗಿಸಿದರೆ ಅರ್ಧ ಕೆಲಸ ತಾನೇ ಮಾಡಿಕೊಳ್ಳುತ್ತೆ. ಆದರೂ ಎಲೆಗಳ ನಡುವೆ ಹಕ್ಕಿ ಇದ್ದರೆ ಫೋಕಸ್ ಮುಂದಿನ ಎಲೆಗೆ ಹೋಗಿ ಕೂರುತ್ತೆ. ಫೋಕಸ್ ಚೌಕವನ್ನ ನಡುವಿಗೆ, ಸಣ್ಣದಕ್ಕೆ ಇಟ್ಟುಕೊಳ್ಳಬೇಕು. ಕಲಿಯೋದು ಇಷ್ಟೇ: ಚೌಕ, ಪ್ಲಸ್-ಮೈನಸ್, ಆ ಪಕ್ಕದ ಗುಂಡಿ.

ಮೇಷ್ಟ್ರು: ಮೂರು ಕಲಿಯೋದಾದರೆ 610 ಗ್ರಾಮಿನದಕ್ಕೂ ಮೂರೇ, ಒಂದೂವರೆ ಕೆಜಿಯದಕ್ಕೂ ಮೂರೇ. ಹಾಗಿದ್ದಮೇಲೆ ‘ಸುಲಭ’ ಅನ್ನೋ ನಿನ್ನ ವಾದ ಬರೀ ತೂಕಕ್ಕೆ ಬಂದು ನಿಂತಿತು.

ಶಿಷ್ಯ: ತೂಕ ಸಣ್ಣ ವಿಷಯ ಅಲ್ಲ ಸಾರ್. ಒಂದೂವರೆ ಕೆಜಿಯದ್ದನ್ನ ಮೊದಲ ತಿಂಗಳು ಹೊರ್ತೀರಿ. ಆಮೇಲೆ ‘ಇವತ್ತು ಸುಮ್ಮನೆ ವಾಕಿಂಗ್ ತಾನೆ’ ಅಂತ ಬೀರುವಿನಲ್ಲಿ ಬಿಟ್ಟು ಹೋಗ್ತೀರಿ. ಅವತ್ತೇ ಮಿಂಚುಳ್ಳಿ ಹತ್ತಡಿ ದೂರದಲ್ಲಿ ಕೂತಿರುತ್ತೆ.

ಮೇಷ್ಟ್ರು: ಮೂಡಿಗೆರೆಯಲ್ಲಿ ತೇಜಸ್ವಿಯವರು ಫಿಲ್ಮ್ ಕಾಲದಲ್ಲಿ ಹಕ್ಕಿ ತೆಗೀತಿದ್ದರು. ಒಂದು ರೋಲಿಗೆ 36 ಫೋಟೊ. ಅವರು ತೂಕದ ಲೆಕ್ಕ ಹಾಕಿದ್ದರೆ ಆಗ್ತಿತ್ತಾ?

ಶಿಷ್ಯ: ಅವರು ಜೂಮಿನ ಲೆಕ್ಕವನ್ನೂ ಹಾಕ್ತಿರಲಿಲ್ಲ ಬಿಡಿ. ಅವರ ಹತ್ತಿರ ಇದ್ದದ್ದು ಕಾಯೋ ಪುರುಸೊತ್ತು.

ಕೊನೆಗೆ ಉಳಿಯುವುದು ಹಣದ ಮಾತು. ಈ ವರ್ಗದ ಹಲವು ಮಾದರಿಗಳ ತಯಾರಿಕೆ ನಿಂತಿದೆ, ಹೊಸವು ಬರುವುದು ಅಪರೂಪ, ಆದ್ದರಿಂದ ಸೆಕೆಂಡ್ ಹ್ಯಾಂಡ್ ವ್ಯಾಪಾರವೇ ಜೋರು. ಲೆನ್ಸ್ ಬಿಚ್ಚಲು ಬಾರದ ಕ್ಯಾಮೆರಾವನ್ನು ಹಳೆಯದಾಗಿ ಕೊಳ್ಳುವಾಗ ನೋಡಬೇಕಾದ್ದು ಮೈಮೇಲಿನ ಗೀರುಗಳನ್ನಲ್ಲ, ಒಳಗಿನ ಧೂಳನ್ನು. ಜೂಮ್ ಮೂತಿ ಪ್ರತಿ ಸಲ ಹೊರಗೆ ಚಾಚಿ ಒಳಗೆ ಸೇದುವಾಗ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಧೂಳು ಸೆನ್ಸರ್ ಮೇಲೆ ಕೂತರೆ ಮನೆಯಲ್ಲಿ ಒರೆಸಲು ದಾರಿಯಿಲ್ಲ. ಪೂರ್ತಿ ಜೂಮ್ ಹಾಕಿ ಖಾಲಿ ಆಕಾಶದ್ದೋ ಸುಣ್ಣದ ಗೋಡೆಯದ್ದೋ ಒಂದು ಫೋಟೊ ತೆಗೆದರೆ ಬೂದು ಮಚ್ಚೆಗಳು ತಾವೇ ಮೇಲೇಳುತ್ತವೆ. ಮೂತಿಯನ್ನು ಹತ್ತು ಸಲ ಹೊರಗೆ ಒಳಗೆ ಓಡಿಸಿ ಮೋಟಾರಿನ ಸದ್ದು ಕೇಳಬೇಕು. ಒಂದೇ ಜಾಗದಲ್ಲಿ ತಡೆದು ತಡೆದು ಹೋಗುವುದನ್ನು ಬಿಡುವುದೇ ವಾಸಿ. ಬ್ಯಾಟರಿ ಉಬ್ಬಿದೆಯೇ ಎಂದು ಹೊರಗೆ ತೆಗೆದು ನೋಡಬೇಕು. ಮಲೆನಾಡಿನ ಮಳೆಯಲ್ಲಿ ಓಡಾಡುವವರಿಗೆ ಒಂದು ಹೆಚ್ಚುವರಿ ಮಾತು: ತುಂತುರು, ಧೂಳು ತಡೆಯುವಂತೆ ಕಟ್ಟಿದವು ಈ ವರ್ಗದಲ್ಲಿ ಕೆಲವೇ. ಪ್ಯಾನಾಸೋನಿಕ್ ಎಫ್‌ಜಡ್300, ಆರ್‌ಎಕ್ಸ್10 ಮಾರ್ಕ್ 4 ಅಂಥವು, ಎರಡರ ಜೂಮೂ 600ಕ್ಕೇ ನಿಲ್ಲುತ್ತದೆ.

ಶಿಷ್ಯ ಕಪಾಟಿನಿಂದ ಎರಡು ಹಳೆಯ ಕ್ಯಾಮೆರಾ ಇಳಿಸಿದ, ಒಂದು ಎಸ್‌ಎಕ್ಸ್70, ಒಂದು ಪಿ900. ಅಂಗಡಿಯ ಎದುರು ನೀರಿನ ಟ್ಯಾಂಕಿನ ಕಟಕಟೆಯ ಮೇಲೆ ಪಾರಿವಾಳಗಳು ಕೂತಿದ್ದವು. ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು ಮೊದಲು ಹಗುರದ್ದನ್ನು ಕಣ್ಣಿಗೆ ಒತ್ತಿಕೊಂಡರು. ಪಾರಿವಾಳ ಬೇಗ ಸಿಕ್ಕಿತು, ಫ್ರೇಮಿನ ಮೂರನೇ ಒಂದು ಪಾಲಿನಷ್ಟು. ಪಿ900ರಲ್ಲಿ ಮೊದಲು ಟ್ಯಾಂಕಿನ ಸಿಮೆಂಟು ಬಂತು, ಆಮೇಲೆ ಆಕಾಶ, ಆಮೇಲೆ ಮತ್ತೆ ಸಿಮೆಂಟು. ಪಕ್ಕದ ಗುಂಡಿ ಒತ್ತಿ ಬಿಟ್ಟ ಮೇಲೆ ಹಕ್ಕಿ ಸಿಕ್ಕಿತು, ಕತ್ತಿನ ಹಸಿರು ನೇರಳೆ ಹೊಳಪಿನ ಸಮೇತ.

ಶಿಷ್ಯ: ಎಷ್ಟು ಹೊತ್ತು ಹಿಡೀತು ನೋಡಿದಿರಾ?

ಮೇಷ್ಟ್ರು: ಕತ್ತಿನ ಬಣ್ಣ ನೀನು ನೋಡಿದೆಯಾ?

ಶಿಷ್ಯ: ಇದರಲ್ಲಿ ರಾ ಫೈಲ್ ಬರಲ್ಲ, ಹೇಳಿಬಿಟ್ಟಿದ್ದೀನಿ.

ಮೇಷ್ಟ್ರು: ಬೇಯಿಸಿದ್ದೇ ಸಾಕು ನನಗೆ. ಎರಡನ್ನೂ ಕೊಡು, ಭಾನುವಾರ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬಂದು ಹೇಳ್ತೀನಿ.

ಶಿಷ್ಯ: ಹಾಗಾದರೆ ಎರಡಕ್ಕೂ ಒಂದೊಂದು ಹೆಚ್ಚಿನ ಬ್ಯಾಟರಿ ಇಟ್ಕೊಳ್ಳಿ. ಜೂಮ್ ಓಡಿಸಿದಷ್ಟೂ ಚಾರ್ಜ್ ಬೇಗ ಇಳಿಯುತ್ತೆ, 300 ಫೋಟೊ ಆಸುಪಾಸಿನಲ್ಲಿ ಕೈ ಕೊಡುತ್ತೆ. ಕಾರ್ಡು 32 ಜಿಬಿಯದ್ದು ಹಾಕಿದ್ದೀನಿ.

ಮೇಷ್ಟ್ರು: ಕತ್ತಿಗೆ ಹಾಕೋ ಪಟ್ಟಿ?

ಶಿಷ್ಯ: ಪಿ900ಕ್ಕೆ ಅಗಲದ್ದು ಕೊಡ್ತೀನಿ ಸಾರ್. ಅದಕ್ಕೆ ಅದೇ ಬೇಕಾಗುತ್ತೆ.